ಹೆಸರಿನ ಬಾಬ್ತು

ಕಾರ್ಡಿನಲ್ಲಿ ಇಲ್ಲಮ್ಮ, ನೋಡಿ, ಎಂದೆ.
ಮೋಟಾರಿಗೆ ಮಾತ್ರ, ಅದೂ ಮನೆ ಬಳಕೆಗೆ ಮಾತ್ರ,
ಕಲ್ಲಿಗಿಲ್ಲ, ಬೆಲ್ಟಿಗಿಲ್ಲ.
ಇರುವೆ ಸಾಲಿನಂಥ ಅಕ್ಷರಗಳ ಮೇಲೆ
ನನ್ನ ಬೆರಳು ಓಡಾಡಿತು.

ಅಕ್ಕಯಮ್ಮ ಕಾರ್ಡು ನೋಡಲಿಲ್ಲ.
ಆಟೋದವನ ಕೈಲಿ ಗ್ರೈಂಡರ್ ಇಳಿಸಿ
ಕೌಂಟರಿನ ಮೇಲೇ ಇಡಿಸಿದಳು.
ಚೀಲದಿಂದ ಸ್ಟೀಲ್ ಡಬ್ಬಿ ತೆಗೆದಳು:
ರಾತ್ರಿಯೆಲ್ಲ ನೆನೆದ ಅಕ್ಕಿ.
'ಪ್ಲಗ್ ಹಾಕಿ.'

ಹಾಕಿದೆ. ಬರಿದೇ ಸುತ್ತಿತು, ಏನು ಸೊಗಸು!
ಅಕ್ಕಿ ಸುರಿದಳು. ಒಂದು ಸುತ್ತು, ಅರ್ಧ ಸುತ್ತು,
ಗುಂಯ್ ಅಂತ ನಿಂತು ಬಿಸಿಯಾಯಿತು.

'ಅಕ್ಕಿ ಹಾಕದಿದ್ರೆ ಚೆನ್ನಾಗೇ ಇದೆ ಶೆಟ್ರೇ.'

ಅಂಗಡಿ ಹುಡುಗ ಬಾಬಾಜಾನ್ ನಕ್ಕ. ಗುರಾಯಿಸಿದೆ.
ಗೋಡೆಯ ಬೋರ್ಡು ತೋರಿಸಿದೆ, ಅಪ್ಪ ಬರೆಸಿದ್ದು,
ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ.
ಅವಳಿಗೆ ಓದು ಬಾರದೆಂದು
ಗಟ್ಟಿಯಾಗಿ ಓದಿಯೂ ಹೇಳಿದೆ.

'ಮಾಲು ಬೇಡ ಬಿಡಿ, ಹೆಸರು ವಾಪಸ್ ತಗೊಳ್ಳಿ.
ಗ್ರೈಂಡರ್ ಅಂದ್ರಿ, ದುಡ್ಡು ಕೊಟ್ಟೆ.
ರುಬ್ಬಲ್ಲ ಅಂದಮೇಲೆ ಬೇರೆ ಏನಾದ್ರೂ ಅನ್ನಿ.
ಸ್ಟೂಲು ಅನ್ನಿ, ಕೂತ್ಕೋತೀನಿ.
ಸ್ಟೂಲಿನ ರೇಟು ಎಷ್ಟು?'

ಆಮೇಲೆ, ದನಿ ಇಳಿಸಿ:
'ಚಿಂತಾಮಣಿ ಬಸ್‌ಸ್ಟ್ಯಾಂಡ್ ಹತ್ರ ಇಡ್ಲಿ ಗಾಡಿ,
ದಿನಕ್ಕೆ ಆರು ಸೇರು, ಅಂತ ಹೇಳೇ ತಗೊಂಡಿದ್ದೆ.
ಕಣ್ಮುಚ್ಕೊಂಡು ತಗೊಂಡೋಗಮ್ಮ
ಅಂದ ಬಾಯಿ ಯಾರ್ದು?'

ಬಾಯಿ ನನ್ನದೇ.
ಹನ್ನೆರಡಾದರೂ ಬೋಣಿಯಾಗದ ಗುರುವಾರ
ಬಾಯಿಗೆ ಬಂದದ್ದು.

ಕೋಲಾರದಲ್ಲಿ ವಕೀಲಿ ಮಾಡುವ ತಂಗಿಯ ಮಗ
ಒಮ್ಮೆ ಮುದ್ದೆ ಮುರಿಯುತ್ತ ಅಂದಿದ್ದ:
ಕಾರ್ಡಲ್ಲಿ ಬರೆದದ್ದಷ್ಟೇ ಅಲ್ಲ ಮಾವ,
ಬರೆಯದ್ದೊಂದು ಮಾತು
ಸಾಮಾನಿನ ಜೊತೆ ಹೋಗಿಬಿಡುತ್ತೆ.
ಬಿಲ್ಲಿನಲ್ಲಿ ಕಾಣಲ್ಲ, ಕೋರ್ಟಿಗೆ ಕಾಣುತ್ತೆ.
ಸಾರು ಬಡಿಸಿ ನಾನು ಮಾತು ಬದಲಿಸಿದ್ದೆ.

ಅಮ್ಮ ಸಂತೆಯಲ್ಲಿ ಮಡಕೆ ಕೊಳ್ಳುವಾಗ
ಬೆರಳಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದಳು.
ಸೋರಿದರೆ ಮುಂದಿನ ವಾರ ಹೊತ್ತು ಹೋಗಿ ಜಗಳ.
ಕುಂಬಾರ ಬಾಯ್ತುಂಬ ಬೈದು, ಬೈಯುತ್ತಲೇ
ಇನ್ನೊಂದನ್ನೆತ್ತಿ ತಾನೇ ಬಡಿದು ಕೊಡುತ್ತಿದ್ದ.
ಇವನ ಹತ್ರ ಕಾರ್ಡು ಎಲ್ಲಿತ್ತು?
ನಾನೋ, ರಟ್ಟಿನ ಡಬ್ಬ ಬಡಿದು ಮಾರುವವನು.

'ಗೋಡೌನಿಂದ ದೊಡ್ಡದು ತಾರೋ,' ಅಂದೆ.
ಬಾಬಾಜಾನ್ ತಂದ. ಆಟೋ ಕೂಗಿದೆ.

ಅವಳು ಕದಲಲಿಲ್ಲ.
ಅದೇ ಅಕ್ಕಿ, ಇಲ್ಲೇ, ನನ್ನ ಕಣ್ಣೆದುರಿಗೇ.

ಇಪ್ಪತ್ತು ನಿಮಿಷ ಅಂಗಡಿ ತುಂಬ ಗರಗರ.
ಫ್ಯಾನ್ ಕೇಳಲು ಬಂದವರೂ ನಿಂತು ನೋಡಿದರು.
ಬೋರ್ಡಿನ ಮೇಲೆ ಎರಡು ಹನಿ ಹಿಟ್ಟು ಸಿಡಿಯಿತು.
ಹೆಬ್ಬೆರಳಿಗೆ ಸವರಿಕೊಂಡು ತಿಕ್ಕಿ ನೋಡಿ
ಅಕ್ಕಯಮ್ಮ ತಲೆಯಾಡಿಸಿದಳು:

'ಆಫ್ ಮಾಡ್ಬೇಡಿ ಶೆಟ್ರೇ,
ಇನ್ನೂ ತರಿ ಇದೆ.'