ಮಂದ್ರದ ನಿ

ನಾಟಕಗಳಿಗೆ ನೂರಾ ಹದಿನಾಲ್ಕು, ಚಿನ್ನದಂಗಡಿಗೆ ಮೂರು,
ಚುನಾವಣೆಗೊಂದು: ಎರಡೂ ಪಕ್ಷಕ್ಕೆ ಅದೇ ರಾಗ, ತಾಳ ಬೇರೆ.
ಆಮೇಲೊಂದು ಬೆಳಿಗ್ಗೆ ಹಗ್ಗ ಬಿಟ್ಟರೆ
ಕೊಡಪಾನ ಕಲ್ಲಿಗೆ ತಾಗಿದ ಸದ್ದು.
ಅಷ್ಟೇ.

ಫಳ್ನೀರಿನ ಬೇಕರಿಯ ಮೇಲಿನ ಕೋಣೆಯಲ್ಲಿ
ಎರಡು ವರ್ಷ ಹಾರ್ಮೋನಿಯಂ ಮೇಲೆ ಕರೆಂಟು ಬಿಲ್ಲು.
ಯಾರು ಕೇಳಿದರೂ
“ಹೊಸತೊಂದು ಆಗ್ತಾ ಉಂಟು ಮಾರಾಯ್ರೆ.”

ಈಗ ಸಂಜೆ ನಾಲ್ಕಕ್ಕೆ, ಕೆಳಗೆ ಬನ್ನು ಬೇಯುವಾಗ,
ಏಳು ಮಕ್ಕಳು, ಮತ್ತೆ ಸಂಕಪ್ಪಣ್ಣ,
ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರು.
ಷಡ್ಜ ಹಿಡಿಯಿರಿ ಅಂದರೆ
ಸೀಟಿಯ ಎತ್ತರಕ್ಕೇ ಹೋಗಿ ನಿಲ್ಲುತ್ತಾರೆ;
ಅಜ್ಜಿಯೊಬ್ಬಳು ಇಳಿಯುವಷ್ಟು ಹೊತ್ತು ತಡೆದು
ಆಮೇಲೆ ರಿಷಭಕ್ಕೆ ರೈಟ್.
ಫೀಸಿನ ನೋಟು ಈಗಲೂ
ಉದ್ದಕ್ಕೆ ಮಡಚಿ, ಬೆರಳ ಸಂದಿಯಿಂದಲೇ.

ಉಪ್ಪುಗಾಳಿಗೆ ರೀಡು ಕಿಲುಬು ಹಿಡಿದು
ಮಂದ್ರದ ನಿ ಉಬ್ಬಸದವರ ಹಾಗೆ, ಬರೇ ಉಸಿರು.
ಮಕ್ಕಳು ಅದನ್ನು ಹಾರಿಯೇ ಇಳಿಯುತ್ತಾರೆ,
ಒಡೆದ ಮೆಟ್ಟಿಲು ದಾಟುವವರಂತೆ.
ಮನೆಯ ಸರಿಯಿರುವ ಪೆಟ್ಟಿಗೆಯಲ್ಲೂ, ಸ್ನಾನದ ಕೋಣೆಯಲ್ಲೂ
ಹಾಗೇ ಅಂತೆ. ಅಫ್ರಾಳ ಉಮ್ಮ ಹೇಳಿದರು.

ಮೊನ್ನೆ ಅದೇ ಹುಡುಗಿ:
“ಸರ್, ನೀವು ಪದ್ಯ ಮಾಡುದು ಯಾಕೆ ಬಿಟ್ಟದ್ದು?”
ಸಂಕಪ್ಪಣ್ಣ ಕಿಟಕಿಯಾಚೆ ನೋಡಿದರು.
ನಾನು ಬ್ಲೇಡು ಹುಡುಕಿದೆ, ರೀಡು ಕೆರೆಯಲಿಕ್ಕೆ.
ಬ್ಲೇಡು ಕೈಯಲ್ಲೇ ಇತ್ತು.

ಎಂಟೂ ಗಂಟಲು ಆಗಲೇ ಇಳಿಯುತ್ತಿದ್ದವು:
ಸ, ಆ ಸಣ್ಣ ಜಿಗಿತ, ಧ.
ನಾನು ಕಲಿಸಿದ್ದಲ್ಲ. ಯಾವ ಪುಸ್ತಕದ್ದೂ ಅಲ್ಲ.
ಬರೆದುಕೊಳ್ಳೋಣ ಅಂತ ಬೆರಳು ಪೆನ್ನಿಗೆ ಹೋದದ್ದು ನಿಜ.
ಹಾಜರಿ ಹಾಕಿದೆ.

ರಿಪೇರಿಗೆ ಕೊಡಬೇಕು.
ಕೊಡುತ್ತೇನೆ, ಮಕ್ಕಳ ಪರೀಕ್ಷೆ ಮುಗಿಯಲಿ.