ಕಪ್ಪು-ಬಸಿ

ಕರೆಂಟು ಹೋಗಿತ್ತು. ಕೆಳಗಿನ ಟಕ್ ಟಕ್ ಕೂಡ ನಿಂತಿತ್ತು.
ಕೆಳಮನೆಯ ಹುಡುಗ ಸಾಲಿ ಅಂಗಿಯಲ್ಲೇ ಬಂದು ಚಹಾ ಇಟ್ಟು ಹೋದ.
ಬಸಿಯ ಅಂಚಿಗೆ ಹೆಬ್ಬೆಟ್ಟಿನಷ್ಟು ಮಸಿ.
ಕೋರ್ಟಿನ ಬೇವಿನಡಿ ದಿನವಿಡೀ ಟೈಪು ಮಾಡುವ ಕೈ ನನ್ನದು,
ಕಾರ್ಬನ್ನಿನದೇ ಇರಬೇಕೆಂದು ಒರೆಸಿ, ಕುಡಿದು,
ಮೂರನೇ ಕೊಲೆಯ ಮೊದಲ ಸಾಲು ಬರೆದೆ.

ಕೊಲೆ ಎಂದರೆ ಕಾದಂಬರಿ.
ಎರಡು ಅಚ್ಚಾಗಿದ್ದವು, ಕಲಬುರಗಿಯ ಪ್ರೆಸ್ಸಿನಲ್ಲಿ,
ಮುಖಪುಟಕ್ಕೆ ಕೆಂಪು ಜಾಸ್ತಿ.
ಒಂದೊಂದು ಪ್ರತಿ ಬೀದರಿನ ಗ್ರಂಥಾಲಯಕ್ಕೆ ನಾನೇ ಕೊಟ್ಟು ಬಂದು
ಆಗಾಗ ಹೋಗಿ ಯಾರು ಒಯ್ದರೆಂದು ನೋಡುತ್ತಿದ್ದೆ.
ಕೊಂದವನು ಕೊಂದ ಜಾಗಕ್ಕೆ ಮರಳುತ್ತಾನೆಂಬುದು
ಇಷ್ಟರ ಮಟ್ಟಿಗೆ ನಿಜ.

ಮೊದಲನೆಯದರ ನೂರಾ ಎಂಬತ್ತಮೂರನೇ ಪುಟದಲ್ಲಿ
ಎಲ್ಲರ ಮೇಲೂ ಅನುಮಾನ ಹರಡಿ, ಬಾಗಿಲಿಗೆ ಚಿಲಕ ಹಾಕಿ,
ಸತ್ತ ಸಾಹುಕಾರನ ಅವಳಿ ತಮ್ಮನೊಬ್ಬನನ್ನು
ನಾಂದೇಡದ ಬಸ್ಸಿನಿಂದ ಇಳಿಸಿದ್ದೆ.
ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.
ಅಲ್ಲೇ, ಅಂಚಿನಲ್ಲಿ, ಪೆನ್ಸಿಲಿನ ಅಕ್ಷರ:
ಈ ತಮ್ಮ ಇಷ್ಟು ದಿನ ಎಲ್ಲಿದ್ದ?
ಅದರ ಕೆಳಗೆ: ಮೋಸ.
ಪಕ್ಕಕ್ಕೆ ಕರ್ರಗೆ ಒಂದು ಹೆಬ್ಬೆರಳು.

ಎರಡನೆಯದನ್ನು ಹೆದರಿ ಬರೆದೆ.
ಹೇಳಬೇಕಾದ್ದೆಲ್ಲ ಹೇಳಿ, ಅದರ ಮೇಲೆ ಹರಟೆ ಸುರಿದು ಮುಚ್ಚಿದೆ.
ಈ ಸಲ ಪೆನ್ಸಿಲಿಲ್ಲ, ಬೆರಳು ಮಾತ್ರ.
ಒಂಬತ್ತನೇ ಪುಟ, ಉಪ್ಪಿಲ್ಲದ ಬ್ಯಾಳಿ.
ಮೂವತ್ತೊಂದು, ಮಳೆಯಲ್ಲಿ ಬಂದವನ ಒಣಗಿದ ಕೊಡೆ.
ಎಪ್ಪತ್ತನಾಲ್ಕು, ಎಡಗಾಲಿನ ಚಪ್ಪಲಿ.
ಮುಂದಿನ ನೂರು ಹಾಳೆ ಹೊಸ ನೋಟಿನಂತೆ ಸ್ವಚ್ಛ.
ಕೊನೆಯ ಪುಟಕ್ಕೆ ಅರ್ಧ ಗುರುತು,
ತಾಳೆ ನೋಡಿ ಮುಚ್ಚಿದ್ದು.

ಗ್ರಂಥಾಲಯದ ಧೂಳಪ್ಪನನ್ನು ಕೇಳಿದೆ.
"ಒಬ್ಬ ಹುಡುಗ ಒಯ್ತಾನ್ರಿ, ಮನ್ಯಾಗಿನವರಿಗಂತ.
ಶುಕ್ರವಾರ ತಂದು ಕೊಡ್ತಾನ. ಮೈಮ್ಯಾಲ ಸಾಲಿ ಅಂಗಿ.
ಈ ಊರಾಗ ಸಾಲಿ ಅಂಗಿ ಎಷ್ಟವ, ನೀವೇ ಎಣಿಸ್ರಿ."

ಅಂಗಿ ಬಿಟ್ಟು ಬೆರಳು ಎಣಿಸಿದೆ.
ಎಣ್ಣೆ ಮಿಲ್ಲಿನ ಮನ್ಮಥಪ್ಪ, ನೌಬಾದಿನ ಗ್ಯಾರೇಜಿನವರು,
ದಿನಕ್ಕೆ ನಾಲ್ಕು ಸಲ ಹಲ್ಲಿಗೆ ಮಿಶ್ರಿ ತಿಕ್ಕುವ ವಕೀಲರ ಗುಮಾಸ್ತ.
ಕೈಕುಲುಕುವ ನೆಪದಲ್ಲಿ ಹದಿನೇಳು ಹೆಬ್ಬೆಟ್ಟು ನೋಡಿದೆ.
ಮನ್ಮಥಪ್ಪ, ಸಾಲ ಕೇಳಲು ಬಂದೆನೆಂದು ತಿಳಿದು
ಹೆಂಡತಿಯ ಆಪರೇಷನ್ ಕತೆ ಹೇಳಿದ.

ಹುಡುಗನಿಗೆ ಜ್ವರ ಬಂದ ದಿನ
ಕಪ್ಪು-ಬಸಿ ವಾಪಸು ಕೊಡಲು ನಾನೇ ಮೆಟ್ಟಿಲಿಳಿದೆ.
ಅವನಜ್ಜಿ ನುಸ್ರತ್ ಬೀ ತೊಡೆಯ ಮೇಲೆ ಹೂಜಿ ಇಟ್ಟುಕೊಂಡು
ಬೆಳ್ಳಿಯ ಕಡೆಯ ಎಳೆ ಕೂಡಿಸುತ್ತಿದ್ದರು, ಟಕ್, ಟಕ್.
ನಾಲ್ಕು ವರ್ಷ ಕೇಳಿದ ಸದ್ದು; ಕಿವಿಗೊಟ್ಟಿದ್ದು ಅಂದೇ.
ಕೂಡಿಸಿದ್ದು ಕಣ್ಣಿಗೆ ಬೀಳಲಿಲ್ಲ, ಬೂದಿಯೊಳಗೆ ಬೂದಿಯಂತೆ.
ಹೂಜಿಯನ್ನು ಉಜ್ಜಿದರು. ಕಾಯಿಸಿದರು.
ಕೋಟೆಯ ಮಣ್ಣು, ನವಸಾಗರ ಕಲಸಿ ಬಳಿದರು.
ತೊಳೆದಾಗ ಲೋಹ ಕರ್ರಗಾಗಿತ್ತು,
ಬೆಳ್ಳಿ ಮಾತ್ರ ಕರಗದೆ, ಕಂದದೆ, ಬಳ್ಳಿ ಬಳ್ಳಿಯಾಗಿ
ಇಲ್ಲೇ ಇದ್ದೆನಲ್ಲ, ಎಂಬ ಹಾಗೆ.

"ಮಣ್ಣು ಹಚ್ಚಿದ ಮ್ಯಾಲ ಬೆಳ್ಳಿ ತರಂಗಿಲ್ಲ, ಮುನ್ಶೀಜಿ,"
ಅಂದರು ತಲೆ ಎತ್ತದೆ.
"ಅದು ಮೋಸ ಆಗ್ತದ."

ನಿಂತೇ ಇದ್ದೆ, ಕೈಯಲ್ಲಿ ಕಪ್ಪು, ಬಸಿ.

ಬೇಕಾದರೆ ಮೇಲೆ ಹೋಗಿ ನೋಡಿ. ಮೂರನೇ ಸಾಲು.
ಒರೆಸಿದವನು ನಾನು, ನಿಮ್ಮ ಎದುರಿಗೇ.
ಅದಕ್ಕೂ ಮೊದಲು, ಹೆಸರಿಡುವಾಗ, ಇನ್ನೊಮ್ಮೆ ಹೇಳಿದ್ದೆ.

ಮೂರನೆಯದರ ಟೈಪು ಪ್ರತಿಯನ್ನು ಅವರಿಗೇ ಕೊಟ್ಟಿದ್ದೇನೆ.
ಮಧ್ಯಾಹ್ನದಿಂದ ಕೆಳಗೆ ಟಕ್ ಟಕ್ ಇಲ್ಲ.
ಸಂಜೆ ಹುಡುಗ ಚಹಾ ತಂದ. ಬೆಳಕಿಗೆ ಹಿಡಿದು ನೋಡಿದೆ.
ಬಸಿ ಫಳಫಳ.
ಯಾರೋ ಒರೆಸಿದ್ದಾರೆ.