ಹದಿನಾಲ್ಕನೆಯ ಪ್ರಶ್ನೆ

ಚೌಬಾರದ ನೆರಳು ಹನ್ನೊಂದಕ್ಕೆಲ್ಲ ಮುದುಡಿ
ತನ್ನ ಬುಡಕ್ಕೆ ತಾನೇ ಸುತ್ತಿಕೊಂಡಿತ್ತು.
ಒಂದು ಕಾಲಕ್ಕೆ ಅದರ ತುದಿಯಲ್ಲಿ ನಿಂತ ಕಾವಲಿನವ
ಬಯಲನ್ನೆಲ್ಲ ನೋಡುತ್ತಿದ್ದನಂತೆ:
ಎತ್ತಲಿಂದ ಧೂಳೆದ್ದಿತು, ಎಷ್ಟು ಕುದುರೆ.
ಈಗ ಮೇಲೆ ಗಡಿಯಾರ, ಎದುರಿನ ಕಂಬಕ್ಕೆ ನಾಲ್ಕು ಕ್ಯಾಮೆರಾ,
ಕ್ಯಾಮೆರಾದ ಕೆಳಗೆ ನಾನು,
ಫಾರ್ಮಿಗೆ ನಲವತ್ತು ರೂಪಾಯಿಯ ಲೆಕ್ಕದವಳು.
ಕೊರಳಲ್ಲಿ ಇಲಾಖೆಯ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು.
ಬಿಸಿಲಿಗೆ ಪರದೆಯಲ್ಲಿ ನನ್ನ ಮುಖ ಕಾಣುತ್ತಿತ್ತು,
ಪ್ರಶ್ನೆ ಕಾಣುತ್ತಿರಲಿಲ್ಲ.

‘ಸಾರ್ವಜನಿಕ ಸುರಕ್ಷತೆ: ನಾಗರಿಕರ ಗ್ರಹಿಕೆ.’
ತರಬೇತಿಯಲ್ಲಿ ಹೇಳಿದ್ದರು:
ಗ್ರಹಿಕೆ ಎಂದರೆ ಅನಿಸಿಕೆ, ಅನಿಸಿಕೆಗೆ ಒಂದರಿಂದ ಐದು.
ಉತ್ತರ ಉದ್ದವಾದರೆ ನಗುತ್ತ ಇನ್ನೊಮ್ಮೆ ಕೇಳಿ.
ಅತ್ತರೆ? ಎಂದು ಭಾಲ್ಕಿಯ ಹುಡುಗಿಯೊಬ್ಬಳು ಕೈಯೆತ್ತಿದಳು.
ನೀರು ಕೊಡಿ, ಅಂದರು.

ರಫೀಉದ್ದೀನ್ ಸಾಹೇಬರು ಹುಕ್ಕಾದ ಬುಡಕ್ಕೆ
ಬೆಳ್ಳಿ ತಂತಿ ಕೂರಿಸುತ್ತಿದ್ದರು. ತಲೆ ಎತ್ತಲಿಲ್ಲ.
‘ಮೂರು ಬರಕೋ ಬೇಟಿ, ಎಲ್ಲಾಕೂ ಮೂರು.
ಮೂರು ಯಾರಿಗೂ ತ್ರಾಸ ಕೊಡಾಂಗಿಲ್ಲ.’
ಟಕ್, ಟಕ್, ತಂತಿ ಕಪ್ಪಿನೊಳಗೆ ಇಳಿಯಿತು.

ನರ್ಸಿಂಗ್ ಹಾಸ್ಟೆಲ್ಲಿನ ಹುಡುಗಿ ನನ್ನನ್ನೇ ಕೇಳಿದಳು:
ರಾತ್ರಿ ಅಂದರೆ ಎಷ್ಟು ಗಂಟೆಯ ರಾತ್ರಿ?
ಒಬ್ಬಳೇ ಅಂದರೆ, ಫೋನ್ ಕಿವಿಗಿಟ್ಟುಕೊಂಡು
ಮಾತಾಡಿದ ಹಾಗೆ ಮಾಡುವುದೂ ಸೇರಿಯಾ?
ಕೈಪಿಡಿ ತಿರುವಿದೆ. ಇರಲಿಲ್ಲ.

ಆಮೇಲೆ ತುಳಜಾಬಾಯಿಯ ಮನೆ.
ಹದಿನಾಲ್ಕನೆಯ ಪ್ರಶ್ನೆ: ಕಳೆದ ಒಂದು ವರ್ಷದಲ್ಲಿ
ಪೊಲೀಸರು ತಮ್ಮ ಮನೆಗೆ ಎಷ್ಟು ಬಾರಿ ಭೇಟಿ ನೀಡಿದ್ದಾರೆ?

‘ತಿಂಗಳಾ ಬರ್ತಾರವ್ವಾ. ತಪ್ಸಾಂಗಿಲ್ಲ.
ಹಬ್ಬ ಇದ್ರ ಎರಡ ಸಲ, ಇಲೆಕ್ಷನ್ ಬಂತಂದ್ರ ವಾರಾ.
ಕುಂಡ್ರತಾರ, ಚಹಾ ಕುಡೀತಾರ,
ಬುಕ್ಕಿನ್ಯಾಗ ಹೆಬ್ಬಟ್ಟ ಹಚ್ಚಸ್ಕೊಂಡ್ ಹೋಗ್ತಾರ.’

ಯಾತಕ್ಕೆ?

‘ನಮ್ಮ ಮನೆಯವರ ಹೆಸರು ಅದ ಅದರಾಗ. ಘಾಳೆಪ್ಪ.
ಯಾವಾಗೋ ಬಸ್ ಸ್ಟ್ಯಾಂಡಿನ್ಯಾಗ ಜಗಳಾಡಿದ್ರಂತ.
ಸತ್ತು ಆರು ವರ್ಷ ಆತು. ಸರ್ಟಿಫಿಕೇಟ್ ಕೊಟ್ಟೀನಿ,
ಝೆರಾಕ್ಸನೂ ಕೊಟ್ಟೀನಿ. ಮ್ಯಾಲಿಂದ ಆರ್ಡರ್ ಬರಬೇಕಂತ.
ಆ ಹುಡುಗ ಪೊಲೀಸಪ್ಪ ಒಳ್ಳೆಂವ ಅದಾನ,
ಅಂವಗೂ ನಾಚ್ಕಿ ಬರ್ತದ. ಬುಕ್ ಖಾಲಿ ಇದ್ರ
ಅಂವಗ ಬೈತಾರಂತ. ಅದಕ್ಕ ನಾನೇ ಹಚ್ತೀನಿ,
ಅವರ ಹೆಬ್ಬಟ್ಟ.’

ಗೋಡೆಯ ಮೊಳೆಗೆ ಒಂದು ಪಿಂಗಾಣಿ ಕಪ್ಪು ತೂಗುತ್ತಿತ್ತು,
ಉಳಿದವೆಲ್ಲ ಸ್ಟೀಲು.

ಪರದೆಯ ಮೇಲೆ ಐದು ಸುತ್ತುಗಳು.
ಎಂದಿಗೂ ಇಲ್ಲ. ಅಪರೂಪಕ್ಕೆ. ಆಗಾಗ.
ಹಲವು ಬಾರಿ. ನಿಯಮಿತವಾಗಿ.
ನಾನು ಐದನ್ನು ಒತ್ತಿದೆ. ಸುಳ್ಳೇನಲ್ಲ.
‘ಇದಕ್ಕೂ ಹಚ್ಬೇಕೇನು?’ ಎಂದು ಆಕೆ
ಸೆರಗಿಗೆ ಬೆರಳೊರೆಸಿ, ಬೇಡ ಅನ್ನುವಷ್ಟರಲ್ಲಿ
ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟುಬಿಟ್ಟಳು.
ಹದಿನೈದನೆಯ ಪ್ರಶ್ನೆ ತಾನಾಗಿ ತೆರೆದುಕೊಂಡಿತು.

ಟ್ಯಾಬು ಮರಳಿಸುವಾಗ ಪರದೆ ಒರೆಸಿಕೊಡಬೇಕು, ಅದು ನಿಯಮ.
ಒರೆಸಿದೆ.

ಎಂಟು ತಿಂಗಳಿಗೆ ವರದಿ ಬಂತು, ನುಣುಪು ಹಾಳೆ,
ಬೀದರಿನ ನಕಾಶೆಗೆ ಮೂರು ಬಣ್ಣ.
ಹಾಸ್ಟೆಲ್ಲಿನ ರಸ್ತೆ ಹಳದಿ. ಬಿದರಿ ಕೆಲಸದ ಗಲ್ಲಿ ಹಳದಿ.
ತುಳಜಾಬಾಯಿಯ ಓಣಿ ಎಳೆ ಜೋಳದ ಗರಿಯಂತೆ ಹಸಿರು:
‘ಪೊಲೀಸ್ ಮತ್ತು ಜನಸಾಮಾನ್ಯರ ಸಂಪರ್ಕ ಅತ್ಯುತ್ತಮ.
ಈ ಮಾದರಿಯನ್ನು ಇತರೆಡೆಗೂ ವಿಸ್ತರಿಸಬಹುದು.’
ಸಭೆಯಲ್ಲಿ ಚಪ್ಪಾಳೆ ತಟ್ಟಿದರು. ನನ್ನ ಕೈಯೂ
ಒಮ್ಮೆ ತಟ್ಟಿ, ಆಮೇಲೆ ನಿಂತಿತು.

ಕೊನೆಯ ಪುಟದಲ್ಲಿ ಸಣ್ಣಕ್ಷರ:
‘ಪಾಲ್ಗೊಂಡವರ ಹೆಸರುಗಳನ್ನು ಗೋಪ್ಯವಾಗಿಡಲಾಗಿದೆ.’
ನಿಜ. ಹುಡುಕಿದೆ, ಯಾರ ಹೆಸರೂ ಇರಲಿಲ್ಲ.
ಘಾಳೆಪ್ಪನದು ಇನ್ನೊಂದು ಪುಸ್ತಕದಲ್ಲಿದೆ,
ತಿಂಗಳ ಮೊದಲ ಮಂಗಳವಾರ,
ಪಿಂಗಾಣಿ ಕಪ್ಪಿನ ಪಕ್ಕ, ತೆರೆದು.